ಬೀಜವ್ವನಿಗೆ ಗೊತ್ತಿದ್ದ ಕಾಶವ್ವ

ಒಂದು ಊರನ್ನೇ ಸಮೀಕರಣವಾಗಿ ಬರೆದು ಯಂತ್ರದ ಕೈಗೆ ಕೊಟ್ಟುಬಿಟ್ಟರೆ ಏನಾದೀತು? ತೆಪ್ಪನಾಳದವರು ಕೊಟ್ಟು ನೋಡಿದ್ದರು. ಚೆನ್ನಾಗಿಯೇ ಆಯಿತು ಅನ್ನಬೇಕು, ಯಾಕೆಂದರೆ ಅದಾದ ಮೇಲೆ ಆ ಊರಿನಲ್ಲಿ ಯಾರಿಗೂ ವಾಂತಿಯಾಗಲಿಲ್ಲ.

ಊರು ಇದ್ದದ್ದು ಕೃಷ್ಣೆಯ ಹಿನ್ನೀರಿನ ಮೇಲೆ. ಕಣ್ಣು ಹಾಯುವಷ್ಟು ದೂರ ನೀರಿನ ಮೇಲೆ ಸೋಲಾರ್ ಪ್ಲೇಟುಗಳನ್ನು ಹಾಸಿದ್ದರು. ಅವನ್ನು ತೊಳೆದು ಒರೆಸಿ ಕಾಯುವ ಮಂದಿಗೆ ನಡುನಡುವೆ ತೆಪ್ಪಗಳ ಮೇಲೆ ಮನೆ ಕಟ್ಟಿಕೊಟ್ಟಿದ್ದರು. ಮನೆಗೆ ಮನೆ ಹಗ್ಗದಿಂದ ಕಟ್ಟಿದ್ದು. ಈ ಮನೆಯಲ್ಲಿ ಯಾರಾದರೂ ದಡದಡ ನಡೆದರೆ ಆಚೆ ಮನೆಯ ಒಲೆಯ ಮೇಲಿನ ಸಾರು ತುಳುಕುತ್ತಿತ್ತು. ಮೊದಮೊದಲು ಬಂದವರು ಉಂಡದ್ದನ್ನೆಲ್ಲ ಮೀನಿಗೆ ಹಾಕಿದರು. ಆಮೇಲೆ ಬೀಜವ್ವ ಬಂದಳು.

ಬೀಜವ್ವ ಎಂದರೆ ಬೀಜಗಣಿತದ ಯಂತ್ರ. ಅಂಕಿಗಳಲ್ಲಿ ಲೆಕ್ಕ ಮಾಡುವ ಯಂತ್ರಗಳಿಗೆ ಲೋಕದಲ್ಲಿ ಬರವಿಲ್ಲ. ಬೀಜವ್ವ ಹೆಸರುಗಳಲ್ಲಿ ಲೆಕ್ಕ ಮಾಡುತ್ತಿದ್ದಳು. ಊರಿನ ಒಬ್ಬೊಬ್ಬರೂ ಆಕೆಯ ಉದ್ದನೆಯ ಸಮೀಕರಣದಲ್ಲಿ ಒಂದೊಂದು ಚರಾಕ್ಷರ. ಒಂದೊಂದು ಹೆಸರಿನ ಹಿಂದೆ ಅದರ ಬೆಲೆ: ತೂಕ ಎಷ್ಟು, ನಡಿಗೆ ಹೇಗೆ, ಎಷ್ಟು ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಓಡಾಟ. ಸಮೀಕರಣವನ್ನು ಬಿಡಿಸುತ್ತ, ಮನೆಯಡಿಯ ಡ್ರಮ್ಮುಗಳಲ್ಲಿ ನೀರನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತ, ಹಲಗೆಗಳನ್ನು ಒಂದೆರಡು ಬೆರಳಿನಷ್ಟು ಏರಿಸುತ್ತ ಇಳಿಸುತ್ತ ಇರುತ್ತಿದ್ದಳು. ಅದೂ ಕಾಲಿಟ್ಟ ಮೇಲಲ್ಲ, ಇಡುವುದಕ್ಕೆ ಮೊದಲು. ಆಮೇಲೆ ಸರಿಪಡಿಸಿದರೆ ಹಗ್ಗ ಜಗ್ಗುತ್ತದೆ, ಮನೆ ಜೋಲಿ ಹೊಡೆಯುತ್ತದೆ. ಹೀಗಾಗಿ ಆಕೆ ನೋಡಿ ನಡೆಸುವವಳಲ್ಲ, ತಿಳಿದು ನಡೆಸುವವಳು. ನೀವು ಎದ್ದು ನಿಲ್ಲಬೇಕು ಅಂದುಕೊಳ್ಳುವಷ್ಟರಲ್ಲಿ ಕಾಲಡಿಯ ಹಲಗೆ ನಿಮಗಾಗಿ ಮೆತ್ತಗೆ ಜಾಗ ಮಾಡಿಕೊಟ್ಟಿರುತ್ತಿತ್ತು. ಆ ಊರಿನ ಮಂದಿ ನಿದ್ದೆಯಲ್ಲಿ ನಡೆದಂತೆ ನಡೆಯುತ್ತಾರೆ ಎಂದು ದಂಡೆಯವರು ನಗುತ್ತಿದ್ದರು. ಅದೇನು ಸುಳ್ಳಲ್ಲ.

ಇಷ್ಟು ಜಾಣೆಯಾದರೂ ಬೀಜವ್ವನ ಮೇಲೆ ದೂರು ಬರುವುದು ತಪ್ಪುತ್ತಿರಲಿಲ್ಲ. ದೂರು ಕೇಳುವುದಕ್ಕೆಂದೇ ಊರಿನ ನಡುವೆ ಲೆಕ್ಕದ ಕೋಣೆ ಇತ್ತು. ಅಲ್ಲಿ ದಾನಮ್ಮ ಕೂಡುತ್ತಿದ್ದಳು. ಜೊತೆಗೆ ಹಿರಿಯ ಮೌಲಾಸಾಬ, ಆಕೆಗೆ ಕೆಲಸ ಕಲಿಸಿದವನು. ಬರುವ ದೂರುಗಳೋ ಒಂದಕ್ಕಿಂತ ಒಂದು ಚೆಂದ. ಅಡಿಗೆಮನೆ ಎಷ್ಟು ಅಗಲ ಇರಬೇಕೆಂದು ಬಡಿಗನೊಬ್ಬ ಕೇಳಿದ್ದಕ್ಕೆ ಬೀಜವ್ವ ಎರಡು ಉತ್ತರ ಕೊಟ್ಟಿದ್ದಳು: ಒಂದು ಒಂಬತ್ತು ಅಡಿ, ಇನ್ನೊಂದು ಮೈನಸ್ ನಾಲ್ಕು ಅಡಿ. ಮನುಷ್ಯ ಹೌಹಾರಿ ಓಡಿ ಬಂದಿದ್ದ. ಅಗಲ ಸೊನ್ನೆಗಿಂತ ದೊಡ್ಡದು ಎಂದು ಮೊದಲೇ ಹೇಳಬೇಕು, ನಮಗೆ ಗೊತ್ತಿರುವುದೆಲ್ಲ ಆಕೆಗೂ ಗೊತ್ತಿರುತ್ತದೆ ಅಂದುಕೊಳ್ಳಬಾರದು ಎಂದು ದಾನಮ್ಮ ತಿಳಿಹೇಳಿ ಕಳಿಸಿದಳು. ಮೀನಿನ ಸೊಸೈಟಿಯವರು ದಿನಾ ಸಿಕ್ಕ ಮೀನನ್ನು ಬಲೆಗಳ ಸಂಖ್ಯೆಯಿಂದ ಭಾಗಿಸಲು ಹೇಳಿಟ್ಟಿದ್ದರು. ಬಲೆಯನ್ನೇ ಬಿಡದ ದಿನ ಬೀಜವ್ವ ಬಾಯಿ ಬಿಡಲಿಲ್ಲ. ಸೊನ್ನೆಯಿಂದ ಭಾಗಿಸು ಅಂದರೆ ಆಕೆ ತಾನೇ ಏನು ಮಾಡಿಯಾಳು? ಆದರೆ ಬೀಜವ್ವ ಮುನಿಸಿಕೊಂಡಿದ್ದಾಳೆಂದು ಊರೆಲ್ಲ ಸುದ್ದಿಯಾಯಿತು.

ಮತ್ತೊಬ್ಬ ಮುದುಕ ಸಿಟ್ಟಿನಿಂದ ಕುದಿಯುತ್ತ ಬಂದ. ಹೊಸದಾಗಿ ತಂದ ಮೇಕೆಗೆ ಹೆಸರಿಟ್ಟು, ಆ ಹೆಸರು ಅಂದರೆ ಏನು ಎಂದು ಬೀಜವ್ವನನ್ನು ಕೇಳಿದನಂತೆ. ಆಕೆ ಅದೇ ಹೆಸರನ್ನು ಅವನಿಗೇ ತಿರುಗಿ ಹೇಳಿದಳಂತೆ. ಇನ್ನೊಮ್ಮೆ ಕೇಳಿದರೂ ಅಷ್ಟೇ. ಹಿರಿಯರನ್ನು ಅಣಕಿಸುವ ಯಂತ್ರ ಯಾಕೆ ಬೇಕು ಎಂದು ಅವನ ಜಗಳ.

“ಅಣಕಸೂದಲ್ಲ ಮುತ್ಯಾ ಅದು,” ಎಂದಳು ದಾನಮ್ಮ. “ಆ ಹೆಸರಿಂದು ಇನ್ನೂ ಏನೂ ಗೊತ್ತಿಲ್ಲ ಆಕಿಗೆ. ಗೊತ್ತಿಲ್ಲದ್ದಕ್ಕ ಸುಳ್ಳ ಹೇಳೂದಿಲ್ಲ. ಹೆಸರ ಹಂಗ ಹಿಡಕೊಂಡು ಕೂತಿರ್ತಾಳ.”

ಮುದುಕ ಸಮಾಧಾನವಾಗಿ ಹೋದ. ಮೇಕೆಯೂ ನಾಲ್ಕು ದಿನದಲ್ಲಿ ಬೀಜವ್ವನಿಗೆ ಪರಿಚಯವಾಯಿತು.

ಆದರೆ ಇವೆಲ್ಲಕ್ಕಿಂತ ಹೆಚ್ಚು ಬರುತ್ತಿದ್ದ ತೊಂದರೆ ಬೇರೆಯದೇ. ಒಂದು ಹೆಸರಿಗೆ ಯಾವಾಗಲೋ ಒಂದು ಬೆಲೆ ಕೊಟ್ಟಿರುತ್ತಾರೆ, ಕೊಟ್ಟದ್ದನ್ನು ಮರೆಯುತ್ತಾರೆ, ಅದೇ ಹೆಸರನ್ನು ಹೊಸದೊಂದಕ್ಕೆ ಇಡುತ್ತಾರೆ. ಬೀಜವ್ವ ಮರೆಯುವವಳಲ್ಲ. ಹೊಸದರ ಜಾಗದಲ್ಲಿ ಹಳೆಯದನ್ನೇ ತುಂಬಿ ಲೆಕ್ಕ ಮಾಡಿಬಿಡುತ್ತಾಳೆ. ಯಂತ್ರವನ್ನು ಬೈಯುವ ಮೊದಲು ಹೆಸರಿಗೆ ಹಳೆಯದೇನಾದರೂ ಅಂಟಿದೆಯೇ ನೋಡಬೇಕು ಎನ್ನುವುದು ಮೌಲಾಸಾಬ ಕಲಿಸಿದ ಮೊದಲ ಪಾಠ. ಅಂಟಿದ್ದರೆ ತೊಳೆಯಬೇಕು. ತೊಳೆಯುವುದೆಂದರೆ ಆ ಬೆಲೆಯನ್ನು ಅಳಿಸಿ ಹೆಸರನ್ನು ಖಾಲಿ ಮಾಡುವುದು. ಒಮ್ಮೆ ತೊಳೆದದ್ದು ತಿರುಗಿ ಬರುವುದಿಲ್ಲ. ಊರಿನವರು ಹೀಗೆ ಇಟ್ಟ ಹೆಸರುಗಳನ್ನು ದಾನಮ್ಮ ಎಷ್ಟೋ ಸಲ ತೊಳೆದುಕೊಟ್ಟಿದ್ದಳು. ತನ್ನ ಮನೆಯ ಬಾಗಿಲಿಗೇ ಅದು ಬಂದಾಗ ಮಾತ್ರ ಆಕೆಗೆ ಬಹಳ ದಿನ ಹೊಳೆಯಲೇ ಇಲ್ಲ.

ಕಾಶವ್ವ ದಾನಮ್ಮನ ಅತ್ತೆ. ದೊಡ್ಡ ಮೈ, ದೊಡ್ಡ ದನಿ. ಚಿಕ್ಕವಳಿದ್ದಾಗ ಕಲ್ಲಿನ ಕ್ವಾರಿಯಲ್ಲಿ ಪೆಟ್ಟು ತಿಂದ ಬಲ ಮೊಣಕಾಲು ಮಾತ್ರ ಮಡಚುತ್ತಿರಲಿಲ್ಲ. ಅತ್ತೆ ಸೊಸೆಗೆ ದಿನಾ ಒಂದಲ್ಲ ಒಂದಕ್ಕೆ ಜಟಾಪಟಿ, ಹೆಚ್ಚಾಗಿ ಸಾರಿನ ಖಾರಕ್ಕೆ. ಜಗಳ ಮುಗಿದ ಮೇಲೆ ಸೊಸೆ ಬಿಸಿ ಉಪ್ಪಿನ ಗಂಟು ಕಟ್ಟಿ ಆ ಮೊಣಕಾಲಿಗೆ ಶಾಖ ಕೊಡುವುದು, ಅತ್ತೆ ಕಾಲನ್ನು ಬೈಯುತ್ತ ಕಣ್ಣು ಮುಚ್ಚಿ ಕೂಡುವುದು. ಕಾಶವ್ವನ ಬಲಗಾಲು ಬೀಳುವಲ್ಲೆಲ್ಲ ಬೀಜವ್ವ ಹಲಗೆಯನ್ನು ಎರಡು ಬೆರಳು ಎತ್ತಿ ಹಿಡಿಯುತ್ತಿದ್ದಳು, ಮೊಣಕಾಲು ಮಡಚುವ ಕಷ್ಟ ಬೇಡವೆಂದು. ನನ್ನ ಕಾಲಿನ ನೋವು ಸೊಸೆಗಿಂತ ಬೀಜವ್ವನಿಗೆ ಚೆನ್ನಾಗಿ ತಿಳಿದಿದೆ ಎಂದು ಅತ್ತೆ ಬಂದವರ ಮುಂದೆಲ್ಲ ಚುಚ್ಚುತ್ತಿದ್ದಳು.

ಬೆಳಗಾಗುವ ಮೊದಲೇ ಚಹಾದ ಲೋಟ ಹಿಡಿದು ಒಲೆಯ ಮುಂದಿನಿಂದ ಮೂಡಲ ಕಡೆಯ ಹಲಗೆಗೆ ಹೋಗಿ ಕೂಡುವುದು ಆಕೆಯ ರೂಢಿ. ಮಗ ಗುರುಪಾದ ಎದ್ದು ಬಂದು ಆಕೆಯ ಬಲಗಡೆ ಕೂಡುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಮಂಜು ಸರಿದು, ಪ್ಲೇಟುಗಳ ಮೇಲೆ ಮೊದಲ ಬಿಸಿಲು ಹರಿದು, ನೀರೆಲ್ಲ ಹಿತ್ತಾಳೆಯ ಬಣ್ಣವಾಗುವವರೆಗೆ ಸುಮ್ಮನೆ ನೋಡುವುದು, ಆಮೇಲೆ ಎದ್ದು ಕೆಲಸಕ್ಕೆ ಹೋಗುವುದು. ಹೀಗೆ ವರ್ಷಗಟ್ಟಲೆ ನಡೆದಿತ್ತು. ಒಂದು ಬೇಸಿಗೆ ಕಾಶವ್ವ ನಿದ್ದೆಯಲ್ಲೇ ಹೋಗಿಬಿಟ್ಟಳು.

ತೆಪ್ಪನಾಳದಲ್ಲಿ ಯಾರಾದರೂ ತೀರಿಕೊಂಡರೆ, ಅವರು ಇನ್ನು ಮನೆಯಲ್ಲಿಲ್ಲ ಎಂದು ಮನೆಯವರು ಬೀಜವ್ವನಿಗೆ ಹೇಳುತ್ತಿದ್ದರು, ಅಷ್ಟೇ. ಸತ್ತವರ ಹೆಸರನ್ನು ತೊಳೆಯುವ ಪದ್ಧತಿ ಇರಲಿಲ್ಲ. ತೊಳೆದರೆ ಒಳ್ಳೆಯದಾಗುವುದಿಲ್ಲ ಎಂಬ ನಂಬಿಕೆ. ಸೀರೆಯನ್ನು ಮಡಿಚಿ ಟ್ರಂಕಿನಲ್ಲಿಟ್ಟ ಹಾಗೆ ಹೆಸರೂ ಅದರ ಬೆಲೆಯೂ ಒಳಗೆ ಹಾಗೇ ಉಳಿಯುತ್ತಿದ್ದವು. ಕಾಶವ್ವನದೂ ಹಾಗೇ ಉಳಿಯಿತು. ಮನೆಯ ಹಲಗೆಗಳು ಆಕೆಗಾಗಿ ಏಳುವುದನ್ನು ನಿಲ್ಲಿಸಿದವು. ಗುರುಪಾದ ಮೂಡಲ ಕಡೆ ಹೋಗುವುದನ್ನೇ ಬಿಟ್ಟ. ಅವನಿಗೆ ಹಸಿವೂ ಇಂಗಿತು, ಮಾತೂ ಇಂಗಿತು. ದಾನಮ್ಮ ಆಗ ಬಸುರಿ. ಗಂಡನನ್ನು ನೋಡಿ ಆಕೆಗೆ ಹೆದರಿಕೆಯಾಗುತ್ತಿತ್ತು.

ಹೆಣ್ಣುಕೂಸು ಹುಟ್ಟಿತು. ಹೋದ ಹಿರಿಯರ ಹೆಸರನ್ನು ಹುಟ್ಟಿದ ಕೂಸಿಗೆ ಇಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಅಲ್ಲಿಯವರೆಗೆ ಕೂಸುಗಳಿಗೆ ಬಂದದ್ದೆಲ್ಲ ಬೀಜವ್ವ ಬರುವ ಮೊದಲೇ ಹೋದವರ ಹೆಸರು. ತೊಟ್ಟಿಲ ದಿನ ಗುರುಪಾದನ ಅಕ್ಕ ಸಂಗವ್ವ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು, ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದಿದರು. ಆಮೇಲೆ ಊರಿನ ಪದ್ಧತಿಯಂತೆ ಗೋಡೆಯಲ್ಲಿದ್ದ ಬೀಜವ್ವನ ಕಿವಿಗೂ ಅದೇ ಹೆಸರು ಹೇಳಿದಳು. ಸಾಮಾನ್ಯವಾಗಿ ಕೂಸಿನ ಹೆಸರು ಕೇಳಿದರೆ ಬೀಜವ್ವ ಹೊಸಬರು ಬಂದರು ಅನ್ನುತ್ತಿದ್ದಳು. ಈ ಸಲ ಹಾಗೆ ಅನ್ನಲಿಲ್ಲ.

“ಕಾಶವ್ವ. ಗೊತ್ತು,” ಎಂದಳು.

ತೊಟ್ಟಿಲ ಸುತ್ತ ನಿಂತವರ ಕಣ್ಣೆಲ್ಲ ಒದ್ದೆಯಾದವು. ದಿನಬೆಳಗಾದರೆ ಇಂಥದ್ದನ್ನೇ ಸರಿಪಡಿಸುವ ದಾನಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು, ಬೀಜವ್ವ ಯಾಕೆ ಗೊತ್ತು ಅಂದಳು ಎಂದು ಕೇಳಿಕೊಳ್ಳಲಿಲ್ಲ. ತೊಟ್ಟಿಲ ಮುಂದೆ ಯಾರಿಗೆ ಲೆಕ್ಕ ನೆನಪಿರುತ್ತದೆ?

ಮರುದಿನ ಬೆಳಗಿನ ಜಾವ ಒಲೆಯ ಮುಂದಿನ ಹಲಗೆ ಎದ್ದಿತು, ತಗ್ಗಿತು. ಅದರ ಮುಂದಿನದು ಎದ್ದಿತು, ತಗ್ಗಿತು. ಒಂದು ಹೆಜ್ಜೆ ಹಗುರ, ಒಂದು ಹೆಜ್ಜೆ ಭಾರ, ಹೀಗೆ ಹಲಗೆಯಿಂದ ಹಲಗೆಗೆ ಯಾರೋ ಕುಂಟುತ್ತ ಸಾಗಿದಂತೆ ಮೂಡಲ ಕಡೆಗೆ ಹೋಗಿ, ಅಲ್ಲಿಯ ಹಲಗೆ ಒಂದು ದೊಡ್ಡ ಮೈ ಕೂತಂತೆ ಮೆಲ್ಲಗೆ ಬಾಗಿತು. ಗುರುಪಾದ ಹಾಸಿಗೆಯಲ್ಲಿ ಎದ್ದು ಕೂತ. ಹೋಗಿ ಅದರ ಬಲಗಡೆ ಕೂತ. ಮಂಜಿನಲ್ಲಿ ಅವನ ಬೆನ್ನಷ್ಟೇ ಕಾಣುತ್ತಿತ್ತು, ಪಕ್ಕದಲ್ಲಿ ಬಾಗಿದ ಖಾಲಿ ಹಲಗೆ. ಬಿಸಿಲೇರಿದ ಮೇಲೆ ಎದ್ದು ಬಂದು, ಬಹಳ ದಿನಗಳ ನಂತರ, ಹೊಟ್ಟೆ ತುಂಬ ರೊಟ್ಟಿ ತಿಂದ.

ಅಂದಿನಿಂದ ಅದೇ ನಡೆಯಿತು. ಗಂಡ ನಕ್ಕ, ಮಾತಾಡಿದ, ಕೂಸನ್ನು ಎತ್ತಿ ಆಡಿಸಿದ. ದಾನಮ್ಮನಿಗೂ ಆ ಹೊತ್ತು ಹಿತವಾಗುತ್ತಿತ್ತು. ಕೂಸಿಗೆ ಹಾಲೂಡುತ್ತ, ಹಲಗೆಗಳು ಸಾಗಿಹೋಗುವುದನ್ನು ಅರೆನಿದ್ದೆಯಲ್ಲಿ ನೋಡುತ್ತ, ಸಾರಿಗೆ ಇವತ್ತು ಖಾರ ಹೆಚ್ಚು ಹಾಕುತ್ತೇನೆ ನೋಡು ಎಂದು ಅತ್ತೆಗೆ ಮನಸ್ಸಿನಲ್ಲೇ ಹೇಳುತ್ತಿದ್ದಳು. ಆ ಮನೆಯ ಡ್ರಮ್ಮು ಸೋರುತ್ತಿದೆ ಎಂದು ಬೀಜವ್ವ ಆಗಾಗ ದೂರು ಕೊಡುತ್ತಿದ್ದಳು. ಫಿಟ್ಟರುಗಳು ಬಂದು ಡ್ರಮ್ಮು ಬಿಚ್ಚಿ ನೋಡಿ, ಏನೂ ಆಗಿಲ್ಲ ಎಂದು ಗೊಣಗಿ ಹೋಗುತ್ತಿದ್ದರು. ಕಾಶವ್ವನ ತೂಕ ಇಷ್ಟು ಎಂದು ತಿಳಿದವಳಿಗೆ ಹಲಗೆಯ ಮೇಲೆ ಅಷ್ಟು ತೂಕ ಸಿಗದಿದ್ದರೆ, ಪಾಪ, ಆಕೆ ಡ್ರಮ್ಮನ್ನಲ್ಲದೆ ಮತ್ತಾರನ್ನು ದೂರಬೇಕು?

ಕೂಸು ಗೋಡೆ ಹಿಡಿದು ನಿಂತಿತು. ಆಮೇಲೆ ಗೋಡೆ ಬಿಟ್ಟು ಹೆಜ್ಜೆ ಹಾಕಿತು. ಬಲಗಾಲನ್ನು ಕಡ್ಡಿಯಂತೆ ನೆಟ್ಟಗೆ ಚಾಚಿ, ಹಲಗೆ ಎದ್ದು ಬಂದು ಪಾದ ಮುಟ್ಟುವವರೆಗೆ ಕಾದು, ಆಮೇಲೆ ಎಡಗಾಲು ಎತ್ತಿತು. ಸಂಗವ್ವ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು.

“ನೋಡ್ರಿ, ನಮ್ಮವ್ವನ ನಡಿಗಿ. ತಿರುಗಿ ಬಂದಾಳ ಅಂದ್ರ ದಾನಮ್ಮ ನಂಬಲಿಲ್ಲ.”

ಎಲ್ಲರೂ ನಕ್ಕರು, ದಾನಮ್ಮನೂ ನಕ್ಕಳು. ಅವರೆಲ್ಲ ಹೋದ ಮೇಲೆ ಕೂಸಿನ ಕಾಲನ್ನು ಮಡಿಲಲ್ಲಿಟ್ಟು ಮಡಚಿ ನೋಡಿದಳು. ಬೆಣ್ಣೆಯಂತೆ ಮಡಚಿತು. ಇಳಿಸಿ ನಿಲ್ಲಿಸಿದರೆ ಮತ್ತೆ ಕಡ್ಡಿ. ದೋಣಿಯಲ್ಲಿ ದಂಡೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸೋಣ ಎಂದು ಗಂಡನನ್ನು ಹೊರಡಿಸಿದಳು. ಎಲುಬು, ಕೀಲು ಎಲ್ಲ ಸರಿಯಾಗಿವೆ, ಹೀಗೆಯೇ ಎಳೆದು ನಡೆಯುವುದು ರೂಢಿಯಾದರೆ ಮಾತ್ರ ಸೊಂಟ ವಾಲುತ್ತದೆ, ಬೆಳೆದ ಮೇಲೆ ತಿದ್ದುವುದು ಕಷ್ಟ ಎಂದರು ಡಾಕ್ಟರು. ಹೊರಗೆ ಬೇವಿನ ಗಿಡದ ಕೆಳಗೆ ದಾನಮ್ಮ ಕೂಸನ್ನು ಮೊದಲ ಸಲ ನೆಲದ ಮೇಲೆ ಬಿಟ್ಟಳು. ಅದು ಬಲಗಾಲು ಚಾಚಿ ಕಾಯಿತು. ನೆಲ ಏಳಲಿಲ್ಲ. ಇನ್ನೂ ಕಾಯಿತು, ಮುಂದಕ್ಕೆ ವಾಲಿತು, ಮುಖ ಅಡಿಯಾಗಿ ಬಿತ್ತು. ಅಳಲಿಲ್ಲ. ಮಣ್ಣು ಮೆತ್ತಿದ ಮುಖ ಎತ್ತಿ ತಾಯಿಯನ್ನು ನೋಡಿತು. ಯಾರೋ ಕೈ ಹಿಡಿಯುತ್ತೇನೆಂದು ಹೇಳಿ ಹಿಡಿಯದೆ ಹೋದಂಥ ನೋಟ ಅದು.

ನೆಲ ಏಳಲಿ ಎಂದು ಕೂಸು ಕಾದದ್ದು ಆಕೆಯ ಕಣ್ಣಿಗೆ ಕಟ್ಟಿತ್ತು. ಹಾಗೆ ಎದ್ದ ಹಲಗೆಯನ್ನು ಆಕೆ ಮೊದಲು ಯಾರ ಕಾಲಡಿಯಲ್ಲಿ ನೋಡಿದ್ದಳು? ಮರುದಿನ ಲೆಕ್ಕದ ಕೋಣೆಯಲ್ಲಿ ಬೇರೆಯವರ ದೂರುಗಳನ್ನೆಲ್ಲ ಬದಿಗಿಟ್ಟು, ಮೌಲಾಸಾಬನ ಎದುರಿಗೇ ಬೀಜವ್ವನನ್ನು ಕೇಳಿದಳು.

“ಕಾಶವ್ವ ಅಂದ್ರ ಏನು?”

ಬೀಜವ್ವ ಒಂದೇ ದನಿಯಲ್ಲಿ ಹೇಳುತ್ತ ಹೋದಳು. ಭಾರವಾದ ಮೈ. ಬಲ ಮೊಣಕಾಲು ಮಡಚುವುದಿಲ್ಲ, ಬಲ ಹೆಜ್ಜೆಗೆ ಹಲಗೆ ಎತ್ತಬೇಕು. ಬೆಳಗಿನ ಜಾವ ಒಲೆಯಿಂದ ಮೂಡಲ ಹಲಗೆಗೆ. ಬಿಸಿಲು ಬರುವವರೆಗೆ ಅಲ್ಲಿಯೇ. ಬಲಗಡೆ ಮಗ ಕೂಡುತ್ತಾನೆ, ಅವನು ಬರುವುದು ತಡವಾದರೆ ಕಾಯುತ್ತಾಳೆ.

ದಾನಮ್ಮ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅತ್ತೆ ಸತ್ತಾಗ ಬಸುರಿ ಅಳಬಾರದೆಂದು ಮನೆಯವರು ತಡೆದಿದ್ದರು. ಆ ಅಳುವೂ ಈಗಲೇ ಬಂತು. ಮೌಲಾಸಾಬ ನೀರು ತಂದಿಟ್ಟು, ಆಕೆ ಸುಮ್ಮನಾಗುವವರೆಗೆ ಕೂತಿದ್ದ. ಮಾಡಬೇಕಾದದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ತೊಳೆಯುವ ಅಧಿಕಾರ ಆಕೆಯದೇ. ಗಂಡನಿಗೆ ಹೇಳದೆ ತೊಳೆದುಬಿಟ್ಟರೂ ಕೇಳುವವರಿರಲಿಲ್ಲ. ನಾಳೆ ಹಲಗೆ ಬಾಗದಿದ್ದರೆ, ಅವ್ವ ತಾನಾಗಿಯೇ ಹೋದಳು ಎಂದು ಗುರುಪಾದ ತಿಳಿದುಕೊಳ್ಳುತ್ತಿದ್ದ. ತೊಳೆ ಎಂಬ ಮಾತು ಒಂದು ಗಳಿಗೆ ಆಕೆಯ ನಾಲಿಗೆಯ ತುದಿಗೆ ಬಂದದ್ದೂ ಉಂಟು. ಆದರೆ ತಾಯಿಯನ್ನು ಮಗನಿಗೆ ತಿಳಿಯದಂತೆ ಎರಡನೆಯ ಸಲ ಕಳಿಸುವುದು ಆಕೆಯಿಂದ ಆಗಲಿಲ್ಲ. ಎದ್ದು ಮನೆಗೆ ಹೋದಳು.

ಗುರುಪಾದ ಎಲ್ಲವನ್ನೂ ಕೇಳಿದ. ಕೂಸು ಅವನ ಮೊಣಕಾಲ ಮೇಲೆ ಕೂತು ಅವನ ಗುಂಡಿ ಜಗ್ಗುತ್ತಿತ್ತು.

“ನೆಲಕ್ಕ ಯಾಕ ಹೋಗಬೇಕ ಆಕಿ?” ಎಂದ ಕೊನೆಗೆ. “ನೀರ ಮ್ಯಾಲೆ ಹುಟ್ಟ್ಯಾಳ, ನೀರ ಮ್ಯಾಲೆ ಬೆಳೀತಾಳ.”

ದಾನಮ್ಮ ಇನ್ನೊಂದು ದಾರಿಯನ್ನೂ ತಂದಿದ್ದಳು. ಅತ್ತೆಯ ಬೆಲೆಯನ್ನು ತೊಳೆಯದೆ ಬೇರೊಂದು ಹೆಸರಿಗೆ ಕಟ್ಟಿ ಇಡಬಹುದು, ಕೂಸಿನ ಹೆಸರು ಖಾಲಿಯಾಗುತ್ತದೆ, ಅತ್ತೆಯೂ ಉಳಿಯುತ್ತಾಳೆ ಎಂದಳು. ಯಾವ ಹೆಸರು ಎಂದು ಅವನು ಕೇಳಿದ. ಯಾವುದಾದರೂ ಆದೀತು ಎಂದಳು. ಅವನು ಕೂಸಿನ ಕೈಯಿಂದ ಗುಂಡಿ ಬಿಡಿಸಿಕೊಂಡ.

“ಬ್ಯಾರೆ ಹೆಸರಿಲೆ ಕರದ್ರ ನಮ್ಮವ್ವ ಓ ಅಂತಾಳೇನ?”

ಹೆಸರು ಬದಲಿಸಿದರೆ ಯಂತ್ರಕ್ಕೆ ಏನೂ ವ್ಯತ್ಯಾಸವಾಗುವುದಿಲ್ಲ ಎಂದು ದಿನಾ ಜನರಿಗೆ ಹೇಳುವ ದಾನಮ್ಮ ಅದನ್ನು ಅವನಿಗೆ ಹೇಳಲು ಹೋಗಲಿಲ್ಲ. ಕೂಸು ಅಪ್ಪನ ಮೊಣಕಾಲಿನಿಂದ ಜಾರಿ ಇಳಿದು, ಬಲಗಾಲನ್ನು ಎಳೆಯುತ್ತ ಒಲೆಯ ಕಡೆ ಹೋಯಿತು. ದಾನಮ್ಮನ ಕೈಗೆ ಬಿಸಿ ಉಪ್ಪಿನ ಗಂಟಿನ ನೆನಪಾಯಿತು. ಆ ಊದಿದ ಮೊಣಕಾಲು, ಅತ್ತೆ ಹಲ್ಲು ಕಚ್ಚಿ ಹಿಡಿದಿದ್ದ ಮುಖ.

“ನಿಮ್ಮವ್ವಗ ಆ ಕಾಲ ಬೇಕಾಗಿತ್ತೇನ್ರಿ?” ಎಂದಳು.

ಗುರುಪಾದ ಎದ್ದು ಹೋಗಿ ಒಲೆಯ ಬಳಿಯಿಂದ ಕೂಸನ್ನು ಎತ್ತಿಕೊಂಡು ಬಂದ. ಸಂಜೆ, ನಾಳೆ ಒಂದು ಬೆಳಗು ಇರಲಿ ಎಂದಷ್ಟೇ ಹೇಳಿದ.

ಮರುದಿನ ಮಂಜು ಇನ್ನೂ ದಟ್ಟವಾಗಿತ್ತು. ಪ್ಲೇಟುಗಳೂ ಇಲ್ಲ, ನೀರೂ ಇಲ್ಲ, ಮನೆಯೊಂದೇ ಬಿಳಿಯ ನಡುವೆ ತೂಗುತ್ತಿದೆ ಅನ್ನಿಸುವಂಥ ಬೆಳಗು. ದಾನಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಒಲೆಯ ಮುಂದಿನ ಹಲಗೆ ಎದ್ದಿತು. ಅಲ್ಲಿಯೇ ಕಾದಿದ್ದ ಗುರುಪಾದ, ಹಲಗೆ ಏಳುವಲ್ಲಿ ಬಲಗಾಲಿಟ್ಟ, ತಗ್ಗುವಲ್ಲಿ ಎಡಗಾಲಿಟ್ಟ. ಹೀಗೆ ತಾಯಿಯ ನಡಿಗೆಯನ್ನೇ ಕುಂಟುತ್ತ ಕುಂಟುತ್ತ ಮೂಡಲ ಕಡೆಗೆ ಹೋಗಿ ಆಕೆಯ ಪಕ್ಕ ಕೂತ. ಬಾಗಿದ ಹಲಗೆಯ ಮೇಲೆ ಅಂಗೈ ಊರಿದ. ನೀರಿಗೆ ಹಿತ್ತಾಳೆಯ ಬಣ್ಣ ಬಂದ ಮೇಲೆ ಹಲಗೆ ಮೆಲ್ಲಗೆ ಎದ್ದು ಸಮವಾಯಿತು. ಅವನೂ ಎದ್ದು, ಹೆಂಡತಿಯ ಹಿಂದೆ ಲೆಕ್ಕದ ಕೋಣೆಗೆ ಬಂದ.

ಹೆಸರನ್ನು ತೊಳೆ ಎಂಬ ಮಾತನ್ನು ದಾನಮ್ಮ ಅವನಿಗೇ ಬಿಟ್ಟಳು, ಅವನೇ ಹೇಳಿದ. ಮೌಲಾಸಾಬ ಎದ್ದು ನಿಂತ. ಬೀಜವ್ವ ತನ್ನ ವಾಡಿಕೆಯಂತೆ ಖಚಿತವೇ ಎಂದು ಇನ್ನೊಮ್ಮೆ ಕೇಳಿದಳು. ಅವನು ಹೂಂ ಎಂದ. ಏನೂ ಸದ್ದಾಗಲಿಲ್ಲ. ಊರು ಒಂದಿಷ್ಟೂ ಅಲುಗಲಿಲ್ಲ.

ಸರಿಯಾಯಿತೇ ಎಂದು ನೋಡುವುದು ಕೆಲಸದ ನಿಯಮ. ದಾನಮ್ಮ ಕೇಳಿದಳು, ಕಾಶವ್ವ ಅಂದ್ರ ಏನು?

“ಕಾಶವ್ವ,” ಎಂದಳು ಬೀಜವ್ವ.

ಗುರುಪಾದನ ಮುಖ ಅರಳಿತು. “ಇನ್ನೂ ಅದಾಳಲ್ಲ?”

“ಇದು ಕೂಸಿನ ಹೆಸರು,” ಎಂದಳು ದಾನಮ್ಮ. “ಇದರಾಗ ಇನ್ನೂ ಏನೂ ಬರದಿಲ್ಲ. ಆಕಿ ನಡದಂಗ ಬರಕೋತಾ ಹೋಗ್ತೈತಿ.”

ಅವನು ಗೋಡೆಯ ಕಡೆ ಮುಖ ಮಾಡಿ ನಿಂತ. ಆಕೆ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಮೌಲಾಸಾಬ ದೂರಿಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಿಗೆಳೆದ.

ಮನೆಯಲ್ಲಿ ಕೂಸು ಬಲಗಾಲು ಚಾಚಿ ಕಾಯಿತು. ಹಲಗೆ ಬರಲಿಲ್ಲ. ಕೂಸು ಧೊಪ್ಪನೆ ಕೂತಿತು, ಸಿಟ್ಟಿನಿಂದ ಚೀರಿತು, ಎದ್ದಿತು, ಮತ್ತೆ ಬಿತ್ತು. ಬೀಳುವುದನ್ನು ನೋಡಲಾರದೆ ಸಂಗವ್ವ ಎದ್ದು ಹೋದಳು. ಬೀಳುತ್ತ ಏಳುತ್ತ ಮೊಣಕಾಲು ಮಡಚುವುದನ್ನು ಕಲಿಯಿತು. ಕಲಿತ ಮೇಲೆ ಹಿಡಿಯುವವರಿಲ್ಲ. ಆ ಮನೆಯಲ್ಲಿ ಈಗ ಪಾತ್ರೆಗಳು ತುಳುಕತೊಡಗಿದವು, ಯಾಕೆಂದರೆ ಆ ಪುಟ್ಟ ಕಾಲು ಮುಂದೆ ಎಲ್ಲಿ ಬೀಳುತ್ತದೆಂದು ಬೀಜವ್ವನಿಗೂ ಗೊತ್ತಿರಲಿಲ್ಲ. ನೆರೆಮನೆಯವರು ದೂರು ತಂದರೆ ದಾನಮ್ಮ ನಕ್ಕು ಕಳಿಸುತ್ತಿದ್ದಳು.

ಗುರುಪಾದ ಮೂಡಲ ಕಡೆ ಹೋಗುವುದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಹೋಗಿ ತನ್ನ ಜಾಗದಲ್ಲೇ, ಎಡಗಡೆ ಖಾಲಿ ಬಿಟ್ಟು ಕೂಡುತ್ತಿದ್ದ. ಹಲಗೆ ಸಪಾಟಾಗಿಯೇ ಇರುತ್ತಿತ್ತು. ಅವನ ಬೆನ್ನು ನೋಡಿದಾಗೆಲ್ಲ, ಮಾಡಿದ್ದು ಸರಿಯೇ ಎಂದು ದಾನಮ್ಮ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಚಳಿ ಕಳೆದ ಮೇಲೆ ಒಂದು ದಿನ, ಲೆಕ್ಕದ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಆಕೆ ಸುಮ್ಮನೆ ಕೇಳಿದಳು: ಕಾಶವ್ವ ಅಂದ್ರ ಏನು?

ಬೀಜವ್ವ ಅಂದು ಬರೀ ಹೆಸರನ್ನು ತಿರುಗಿಸಿ ಕೊಡಲಿಲ್ಲ.

“ಹಗುರ. ಓಡುತ್ತಾಳೆ,” ಎಂದಳು. “ಬೆಳಿಗ್ಗೆ ಮೂಡಲ ಹಲಗೆಗೆ ಬಂದು ಅಪ್ಪನ ಎಡಗಡೆ ಕೂಡುತ್ತಾಳೆ.”

ಅಲ್ಲಿ ಕೂಡೆಂದು ಕೂಸಿಗೆ ಯಾರೂ ಹೇಳಿರಲಿಲ್ಲ.